ಕೆಳಮನೆಯ ಕೋಲು

ಕಾಜಮ್ಮನ ಮನೆಯ ಸೂರಿನಲ್ಲಿ, ಅಡುಗೆಮನೆ ಬಾಗಿಲಿನ ನೇರಕ್ಕೆ, ಮೊಟ್ಟೆ ಕೂರುವಷ್ಟು ಆಳದ ಒಂದು ಕುಳಿ ಇದೆ. ಸುಣ್ಣ ಹೊಡೆಯುವವನು ಬಂದಾಗಲೆಲ್ಲ ಅದನ್ನು ಮೆತ್ತಿ ಮುಚ್ಚಲು ಹೋಗಿ ಬೈಸಿಕೊಳ್ಳುತ್ತಾನೆ. ಆ ಕುಳಿ ಆಕೆಯ ಸ್ವಂತ ಸಂಪಾದನೆ. ವಯಸ್ಸಿನಲ್ಲಿ ಬಟ್ಟೆ ಒಣಹಾಕುವ ಕೋಲಿನಿಂದ ಕುಟ್ಟಿ ಕುಟ್ಟಿ ಮಾಡಿದ್ದು. ಮಂಚದ ನೇರಕ್ಕೆ ಇನ್ನೊಂದು ಗುರುತಿದೆ, ಬಟ್ಟಲಗಲಕ್ಕೆ ಸುಣ್ಣ ಚಕ್ಕೆ ಎದ್ದದ್ದು. ಅದು ಮೇಲಿನವರ ಬಚ್ಚಲಿನ ನೀರು ಇಳಿದು ಆದದ್ದು ಎಂದು ಆಕೆ ನಂಬಿದ್ದಳು. ಮೇಲೆ ಬಾಡಿಗೆಗೆ ಬಂದ ಪ್ರತಿ ಸಂಸಾರದ ಜೊತೆಗೂ ಅದರ ಸಲುವಾಗಿ ಒಂದು ಸುತ್ತು ಜಗಳ ಆಡಿ ಮುಗಿಸಿದ್ದಳು.

ಕಾಜಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದರ್ಜಿಗಳು ಹೊಲಿದು ಕಳಿಸಿದ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಕೂರಿಸುವುದು ಆಕೆಯ ಕಸುಬು. ಆ ಬೀದಿಯ ಗಂಡಸರ ಎದೆಯೆಲ್ಲ ಮುಚ್ಚಿಕೊಂಡಿರುವುದು ಆಕೆಯ ಕೈಗುಣದಿಂದ. ಕಿಟಕಿಯ ಪಕ್ಕ ಒಂದು ಮೊಣಕಾಲು ಮಡಿಸಿ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡೇ ಬೀದಿಯವರನ್ನೆಲ್ಲ ಮಾತಾಡಿಸಬಲ್ಲಳು. ಬಾಯಲ್ಲಿ ದಾರ ಇದ್ದಾಗ ಆಕೆ ಆಡಿದ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಬೈದಳು ಎಂದು ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಗಂಡ ಬ್ರೆಡ್ಡಿನ ಭಟ್ಟಿಯಲ್ಲಿ ಕೆಲಸಕ್ಕಿದ್ದ. ರಾತ್ರಿಯೆಲ್ಲ ಬೆಂಕಿಯ ಬಾಯಿಗೆ ಹಿಟ್ಟು ಕೊಟ್ಟು, ಊರು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬರುತ್ತಿದ್ದ. ತೊಟ್ಟಿಲಲ್ಲಿ ಮಗಳು ಮಲಗಿರುತ್ತಿದ್ದಳಲ್ಲ, ಅದಕ್ಕೇ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ: ಎರಡು ಸಲ ಬೇಗ ಬೇಗ, ಆಮೇಲೆ ಸ್ವಲ್ಪ ತಡೆದು, ಕೇಳಲೋ ಬೇಡವೋ ಎನ್ನುವ ಹಾಗೆ ಇನ್ನೊಂದು. ಮಾತು ಕಡಿಮೆ. ಕಾಜಮ್ಮ ಇಬ್ಬರ ಪಾಲಿನದನ್ನೂ ಆಡುತ್ತಿದ್ದುದರಿಂದ ಆ ಮನೆಯಲ್ಲಿ ಮಾತಿನ ಕೊರತೆ ಯಾರಿಗೂ ಕಾಣಲಿಲ್ಲ. ಉಂಡು ಮಲಗುವುದು, ಎದ್ದು ಮತ್ತೆ ಭಟ್ಟಿಗೆ ಹೋಗುವುದು, ಇಷ್ಟೇ ಅವನ ಬದುಕು. ಹಗಲಿನ ಆ ನಿದ್ದೆಯನ್ನು ಕಾಜಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ತರಕಾರಿ ಮಾರುವವನು ಆ ಮನೆಯ ಮುಂದೆ ಬಂದಾಗ ಮಾತ್ರ ಕೂಗದೆ ಕೈಸನ್ನೆ ಮಾಡುತ್ತಿದ್ದ.

ಹೀಗಿರುವಾಗ ಮೇಲ್ಮನೆಗೆ ನಾಲ್ವರು ಬಂದರು. ಗೋಡೆಗೆಲ್ಲ ಹಳೇ ರಜಾಯಿ ನೇತುಹಾಕಿ, ನೆಲದ ಮೇಲೆ ವೈರು ಹರಡಿ, ಟೇಪಿನ ಯಂತ್ರವೊಂದನ್ನು ಇಟ್ಟು ಅದಕ್ಕೆ ಸ್ಟುಡಿಯೋ ಎಂದರು. ಒಬ್ಬ ಸ್ಯಾಕ್ಸೋಫೋನ್, ಅವನಿಗೆ ಹೊಕ್ಕುಳ ತನಕ ಗಡ್ಡ. ಒಬ್ಬ ಟ್ರಂಪೆಟ್. ಒಬ್ಬನದು ಆಳೆತ್ತರದ ಪಿಟೀಲಿನಂಥದ್ದು. ಇನ್ನೊಬ್ಬ ಡ್ರಮ್. ಸಂಜೆಯಾದರೆ ನಾಲ್ವರೂ ಹೋಟೆಲುಗಳಲ್ಲಿ ಕೋಟು ತೊಟ್ಟು, ಊಟ ಮಾಡುವವರಿಗೆ ತೊಂದರೆಯಾಗದ ಹಾಗೆ ನುಡಿಸಿ ಹೊಟ್ಟೆ ಹೊರೆಯುವವರು. ಆ ಸಿಟ್ಟನ್ನೆಲ್ಲ ಹಗಲು ಇಲ್ಲಿ ತೀರಿಸಿಕೊಳ್ಳುತ್ತಿದ್ದರು. ಫ್ರೀ ಜಾಝ್ ಎಂದು ಅದರ ಹೆಸರಂತೆ. ಮೊದಲೇ ಮಾತಾಡಿಕೊಂಡ ರಾಗವಿಲ್ಲ, ತಾಳವಿಲ್ಲ, ಯಾರು ಯಾವಾಗ ಶುರು ಮಾಡಬೇಕು ಎಂಬ ಕಟ್ಟಿಲ್ಲ. ಮರದ ತೊಲೆಯ ಮೇಲೆ ಗಾರೆ ಹಾಕಿದ ಹಳೇ ಕಟ್ಟಡ ಅದು. ಮೇಲಿನವರು ಸೀನಿದರೆ ಕೆಳಗಿನವರು ಮೂಗು ಒರೆಸಿಕೊಳ್ಳಬೇಕು.

ಮೊದಲ ದಿನ ಕಾಜಮ್ಮ ಮರ್ಯಾದೆಯಿಂದಲೇ ಮೆಟ್ಟಿಲು ಹತ್ತಿ ಹೋದಳು.

"ನಮ್ಮನೆಯವರು ರಾತ್ರಿ ಪಾಳಿ. ಈಗ ಮಲಗಿದಾರೆ. ಇದು ಯಾವಾಗ ಮುಗಿಯುತ್ತೆ?"

ಉದ್ದಗಡ್ಡದವನು ನಿಜವಾಗಿಯೂ ಯೋಚಿಸಿ ಹೇಳಿದ. "ಅದು ನಮಗೂ ಗೊತ್ತಿಲ್ಲಮ್ಮಾ. ಮುಗಿದ ಮೇಲೇ ಗೊತ್ತಾಗೋದು."

ಇದನ್ನು ಕಾಜಮ್ಮ ಕೊಬ್ಬು ಎಂದು ತಿಳಿದಳು. ಕೆಳಗೆ ಬಂದು ಬಟ್ಟೆಕೋಲು ತೆಗೆದುಕೊಂಡು ಸೂರಿಗೆ ಕುಟ್ಟಿದಳು. ಮಂಚದ ಮೇಲುಗಡೆ ಕುಟ್ಟಿದರೆ ಗಂಡನಿಗೆ ಎಚ್ಚರವಾದೀತು ಎಂದು ಅಡುಗೆಮನೆ ಬಾಗಿಲ ತನಕ ತುದಿಗಾಲಲ್ಲಿ ನಡೆದು ಹೋಗಿ ಕುಟ್ಟಿದಳು. ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಇಮ್ಮಡಿ ಜೋರಾಯಿತು. ದಿನವೂ ಇದೇ ಆಯಿತು. ಗಂಡ ಏಳುವ ಹೊತ್ತಿಗೆ ಕಾಜಮ್ಮನ ಭುಜ ಬಿದ್ದುಹೋಗಿರುತ್ತಿತ್ತು.

"ನಿದ್ದೆ ಬಂತಾ?" ಎಂದು ಕೇಳುತ್ತಿದ್ದಳು.

"ಬಂತು ಕಣೇ, ಸ್ವಲ್ಪ," ಎನ್ನುತ್ತಿದ್ದ ಅವನು, ಅತ್ತ ತಿರುಗಿ.

ಆ ಸ್ವಲ್ಪ ಎನ್ನುವ ಮಾತು ಆಕೆಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಗಳಿಗೆ ಜ್ವರವೆಂದು ದವಾಖಾನೆಯಲ್ಲಿ ಸಾಲು ನಿಂತು ವಾಪಸು ಬರುವಾಗ, ಮೆಟ್ಟಿಲಲ್ಲಿ ನಾಲ್ವರ ಸಾಮಾನು ಇಳಿಯುತ್ತಿತ್ತು. ಮನೆ ಖಾಲಿ ಮಾಡುತ್ತಿದ್ದರು. ಉದ್ದಗಡ್ಡದವನು ಕೈಮುಗಿದು, "ತುಂಬಾ ಉಪಕಾರ ಆಯ್ತಮ್ಮಾ," ಎಂದ. ಹೋಗುವಾಗಲೂ ಚುಚ್ಚಿ ಹೋಗುತ್ತಾನಲ್ಲ ಎಂದು ಕಾಜಮ್ಮನಿಗೆ ಮೈ ಉರಿಯಿತು. ಒಳಗೆ ಗಂಡ ಗೊರಕೆ ಹೊಡೆಯುತ್ತಿದ್ದ. ಆ ಗೊರಕೆ ಕೇಳಿ ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ಮಗು ಅತ್ತರೂ ಎಚ್ಚರವಾಗದಿರಲಿ ಎಂದು ಹೊರಗೇ ಮೆಟ್ಟಿಲ ಮೇಲೆ ಕೂತಳು.

ಗಂಡ ಆಮೇಲೂ ಬಹಳ ವರ್ಷ ಬಾಳಿದ. ಮಗಳು ಶಾಲೆ ಮುಗಿಸುವ ಹೊತ್ತಿಗೆ ಅವನಿಗೆ ಎದೆನೋವು ಶುರುವಾಗಿ, ಹೆಚ್ಚು ಯಾರಿಗೂ ತೊಂದರೆ ಕೊಡದೆ ಹೋದ. ವೈದ್ಯರು ಭಟ್ಟಿಯ ಹೊಗೆ ಎಂದರು. ಕಾಜಮ್ಮ ಒಪ್ಪಲಿಲ್ಲ. ಆ ನಾಲ್ವರು ಕೆಡಿಸಿದ ನಿದ್ದೆ ಮತ್ತೆ ಕೂಡಿ ಬರಲಿಲ್ಲ, ನಾನು ಎಷ್ಟು ಕುಟ್ಟಿದರೂ ಕಾಯಲಾಗಲಿಲ್ಲ ಎಂದೇ ನಂಬಿದಳು. ಅವನದೊಂದು ಫೋಟೋ ಗೋಡೆ ಮೇಲಿದೆ. ಅವನ ದನಿ ಎಲ್ಲೂ ಇಲ್ಲ. ಇದ್ದಾಗಲೇ ಅದು ಅಪರೂಪವಾಗಿತ್ತು.

ಇಷ್ಟು ವರ್ಷವಾದ ಮೇಲೆ, ಈಚೆಗೆ, ದುಂಡು ಕನ್ನಡಕದವನೊಬ್ಬ ಬಾಗಿಲಿಗೆ ಬಂದ. ಹಳೇ ಸಂಗೀತವನ್ನು ಹುಡುಕಿ ಮರಳಿ ಹೊರತರುವ ಸಣ್ಣ ಕಂಪನಿಯವನಂತೆ. ಒಳಗೆ ಬಂದವನೇ ಕುಳಿ ನೋಡಿ ಕುಸಿದು ಕೂತ.

"ಅಮ್ಮಾ, ಅದು ನೀವೇನಾ?"

"ಯಾವುದು ನಾನೇನಾ?"

ಸಂಗತಿ ಬಿಡಿಸಿ ಹೇಳಿದ. ನಾಲ್ವರ ಟೇಪಿನಿಂದ ಆ ಕಾಲದಲ್ಲಿ ಒಂದಷ್ಟು ಗ್ರಾಮಫೋನ್ ತಟ್ಟೆ ಅಚ್ಚಾಗಿದ್ದವು. ಯಾರೂ ಕೊಳ್ಳಲಿಲ್ಲ. ಅಂಗಡಿಯವರು ಬಿಸಿ ಕೆಟಲಿಯ ಕೆಳಗೆ ಇಟ್ಟುಕೊಂಡರು. ಈಗ ಈ ಕಂಪನಿ ಎಲ್ಲ ಟೇಪನ್ನೂ ಸೇರಿಸಿ, ಮೂರು ತಟ್ಟೆಯ ಪೆಟ್ಟಿಗೆಯಾಗಿ, ದಪ್ಪ ಪುಸ್ತಿಕೆ ಸಮೇತ ಹೊರತಂದಿತ್ತು. ಜಗತ್ತು ಹುಚ್ಚೆದ್ದು ಕೇಳುತ್ತಿತ್ತು. ಹುಚ್ಚೆದ್ದದ್ದು ಸ್ಯಾಕ್ಸೋಫೋನಿಗಲ್ಲ, ನೆಲದ ಕೆಳಗಿಂದ ಬರುವ ಆ ಕುಟ್ಟಿಗೆ. ಪುಸ್ತಿಕೆಯಲ್ಲಿ ಕಲಾವಿದರ ಸಾಲಿನ ಕೊನೆಗೆ 'ಕೆಳಮನೆಯವರು: ಸೂರು' ಎಂದು ಅಚ್ಚಾಗಿತ್ತು.

ಒಬ್ಬ ವಿಮರ್ಶಕ ಅದನ್ನು ಐದನೆಯ ವಾದ್ಯ ಎಂದು ಕರೆದಿದ್ದ. ಇನ್ನೊಬ್ಬ, ಮಣ್ಣಿನ ಒಳಗಿಂದ ಬರುವ ಆಮಂತ್ರಣ ಎಂದಿದ್ದ. ಮೂರನೆಯವನಿಗೆ ಅದರಲ್ಲಿ ಹೆಣ್ಣಿನ ನಗು ಕೇಳಿತ್ತು. ಕೇಳುಗರ ಕೂಟಗಳಲ್ಲಿ ಜನ ಕೋಲು ಹಿಡಿದು ಕೂರುತ್ತಿದ್ದರು. ಒಂದು ಕಡೆಯಂತೂ ಸ್ಪೀಕರಿನ ಕುಟ್ಟು ಕೇಳಿ, ಯಾರೋ ತಮಗೇ ಕುಟ್ಟುತ್ತಿದ್ದಾರೆಂದು ಸಿಟ್ಟಾಗಿ ಆ ಮನೆಯ ಕೆಳಗಿನವರು ನಿಜವಾಗಿ ಕುಟ್ಟಿದರು. ಅದೂ ತಟ್ಟೆಯಲ್ಲಿದೆ ಎಂದುಕೊಂಡು ಮೇಲಿನವರು ಕಣ್ಣು ಮುಚ್ಚಿ ತಲೆದೂಗಿದರು. ಕೊನೆಗೆ ಮನೆ ಮಾಲೀಕ ಬರಬೇಕಾಯಿತು.

ವಿಳಾಸ ಹಬ್ಬಿದ್ದೇ ತಡ, ಕಾಜಮ್ಮನ ಮನೆಗೆ ಜನ ಬರತೊಡಗಿದರು. ಒಬ್ಬಳು ಕುಳಿಯ ಕೆಳಗೆ ನಿಂತು ಅತ್ತಳು. ಒಬ್ಬ ಕೋಲಿನ ಉದ್ದ ಅಳೆದ. ಒಬ್ಬ ಚೂರು ಗಾರೆ ಕೇಳಿದ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು, ಅದೇ ತೊಟ್ಟಿಲ ಕೂಸು, ಸಂಜೆ ಬಂದು ವಿಮರ್ಶೆಗಳನ್ನು ಓದಿ ಹೇಳುತ್ತಿದ್ದಳು.

"ನೋಡಮ್ಮ, ಇವನೊಬ್ಬ ಬರೆದಿದಾನೆ. ಎರಡನೇ ತಟ್ಟೆಯಲ್ಲಿ ಸೂರಿನ ಕಲಾವಿದೆಯ ಉತ್ಸಾಹ ಕುಗ್ಗಿದೆ, ಹೊಸತನ ಇಲ್ಲ ಅಂತ."

ಕಾಜಮ್ಮ ಬಾಯಿಂದ ದಾರ ತೆಗೆದಳು. "ಅವನಿಗೇನು ಗೊತ್ತು? ಭುಜ ಎತ್ತೋಕೆ ಆಗ್ತಿರಲಿಲ್ಲ ನನಗೆ. ಅಷ್ಟಾದರೂ ಕುಟ್ಟಿದೀನಲ್ಲ."

"ಅಮ್ಮ, ನೀನು ಜಗಳಕ್ಕೆ ಕುಟ್ಟಿದ್ದು."

"ಜಗಳ ಅಂದ ಮಾತ್ರಕ್ಕೆ ಕಾಟಾಚಾರಕ್ಕೆ ಕುಟ್ಟಿದೆ ಅಂತಾನಾ?"

ಹೀಗೆ ಅಂದಳೇ ಹೊರತು, ಆಕೆಗೆ ಒಳಗೊಳಗೇ ಕುದಿಯುತ್ತಿತ್ತು. ಕಂಪನಿಯವನು ಮತ್ತೆ ಬಂದು, ಪೆಟ್ಟಿಗೆಯೆಲ್ಲ ಖರ್ಚಾಯಿತು, ಎರಡನೇ ಅಚ್ಚು ಬರುತ್ತಿದೆ, ಬಿಡುಗಡೆಯ ದಿನ ವೇದಿಕೆಯ ಮೇಲೊಂದು ಸೂರು ಕಟ್ಟಿಸುತ್ತೇವೆ, ತಾವು ಬಂದು ಕುಟ್ಟಬೇಕು ಎಂದಾಗ ಕಟ್ಟೆ ಒಡೆಯಿತು.

"ನನ್ನ ಗಂಡನ ನಿದ್ದೆ ಕೆಟ್ಟ ಸದ್ದು ಅದು. ಅದನ್ನ ಪೆಟ್ಟಿಗೆಗೆ ಹಾಕಿ ಮಾರ್ತಾ ಇದೀರಿ. ಆ ಮನುಷ್ಯ ನಿದ್ದೆಗೆಟ್ಟೇ ಹೋದ. ನೀವು ಅದನ್ನ ಕೇಳಿ ತಲೆ ಆಡಿಸ್ತೀರಿ. ನನ್ನ ಕುಟ್ಟು ಒಂದೂ ಅದರಲ್ಲಿ ಇರಕೂಡದು. ತೆಗೀರಿ."

ಕಂಪನಿಯವನು ಬಿಳಚಿಕೊಂಡ. ಕುಟ್ಟು ತೆಗೆದರೆ ಉಳಿಯುವುದು ನಾಲ್ವರ ಗದ್ದಲ, ಅದನ್ನು ಕೆಟಲಿಯೂ ಕೊಳ್ಳುವುದಿಲ್ಲ. ಆದರೂ ಮನುಷ್ಯ ಕೆಟ್ಟವನಲ್ಲ. ಗೋಡೆಯ ಮೇಲಿನ ಫೋಟೋ ನೋಡಿದ, ಸ್ವಲ್ಪ ಹೊತ್ತು ಉಗುರು ಕಚ್ಚಿದ, ಆಗಲಿ ಎಂದ. ಒಂದೇ ತೊಡಕು. ಆ ಗದ್ದಲದಲ್ಲಿ ಯಾವುದು ಕೋಲು, ಯಾವುದು ಡ್ರಮ್ಮು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಡ್ರಮ್ಮಿನವನು ತೀರಿಕೊಂಡಿದ್ದ. ಉದ್ದಗಡ್ಡದವನು ಬದುಕಿದ್ದ, ಆದರೆ ಅವನನ್ನು ಕೇಳಿದರೆ ಎಲ್ಲವೂ ಒಂದೇ ಎನ್ನುತ್ತಿದ್ದ. ಆದ್ದರಿಂದ ಕಾಜಮ್ಮನೇ ಬಂದು ತನ್ನ ಕುಟ್ಟನ್ನು ಆರಿಸಿಕೊಡಬೇಕಾಯಿತು.

ರೆಕಾರ್ಡಿಂಗ್ ಕೋಣೆ ನೋಡಿ ಕಾಜಮ್ಮನಿಗೆ ನಗು ಬಂತು. ಇಲ್ಲೂ ಗೋಡೆಗೆ ರಜಾಯಿಯಂಥದ್ದೇ ಹೊದಿಸಿದ್ದರು. ಅಲ್ಲಿದ್ದ ಮೇಡಂ ಸೊಂಟನೋವಿನವರು, ಕುರ್ಚಿಗೆ ಎರಡು ದಿಂಬು ಇಟ್ಟುಕೊಂಡು, ಪರದೆಯ ಮೇಲೆ ಸದ್ದನ್ನು ಬಾಚಣಿಗೆ ಹಲ್ಲಿನ ಹಾಗೆ ಹರಡಿಕೊಂಡು ಕೂತಿದ್ದರು. ಕಾಜಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ, "ನಿಮ್ಮದು ಬಂದಾಗ ಕೈ ಎತ್ತಿ ಅಮ್ಮಾ, ನಾನು ಒರೆಸಿಬಿಡ್ತೀನಿ," ಎಂದರು. ಮಗಳು ಪಕ್ಕದಲ್ಲಿ, ಕಂಪನಿಯವನು ಮೂಲೆಯಲ್ಲಿ.

"ಇದು ನಂದು," ಎಂದು ಕೈ ಎತ್ತಿದಳು ಕಾಜಮ್ಮ. ಮೇಡಂ ಒರೆಸಿದರು. "ಇದೂ ನಂದು. ಇದೂ." ಶುರುವಿನಲ್ಲಿ ಎಲ್ಲ ಸಸೂತ್ರವಾಗಿ ನಡೆಯಿತು. ಆಮೇಲೆ ಆಕೆಗೆ ಹುಮ್ಮಸ್ಸು ಬಂತು.

"ಅಮ್ಮಾ, ಇದು ಡ್ರಮ್ಮು ಅನ್ಸುತ್ತೆ."

"ಡ್ರಮ್ಮಿನವನಿಗೆ ಇಷ್ಟು ಸಿಟ್ಟು ಎಲ್ಲಿಂದ ಬರುತ್ತೆ? ನಂದೇ, ಒರೆಸಿ."

"ಇದರಲ್ಲಿ ಡ್ರಮ್ಮಿನವರ ಕಂಚಿನ ತಾಳದ ಸದ್ದು ಇದೆಯಲ್ಲಾ?"

"ಅಡುಗೆಮನೆ ಹತ್ರ ಕುಟ್ತಾ ಇದ್ದೆ. ಪಾತ್ರೆ ಬಿದ್ದಿರುತ್ತೆ."

ಅದೇ ಎರಡನೇ ತಟ್ಟೆಗೆ ಬಂದಾಗ, ಸ್ಪಷ್ಟವಾಗಿ ಕೋಲಿನದೇ ಎನಿಸುವ ಮೆತ್ತನೆಯ ಕುಟ್ಟುಗಳಿಗೆ ಆಕೆ ಕೈ ಎತ್ತಲೇ ಇಲ್ಲ. "ನಾನಲ್ಲ. ನಾನು ಹೀಗೆ ತೂಕಡಿಸ್ಕೊಂಡು ಕುಟ್ಟೋಳಲ್ಲ," ಎಂದಳು. ವಿಮರ್ಶಕ ಬರೆದದ್ದು ಇನ್ನೂ ಮನಸ್ಸಿನಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮಿನವನು ಬಹುಪಾಲು ಅಳಿಸಿಹೋಗಿದ್ದ, ಕಾಜಮ್ಮ ಅಲ್ಲಲ್ಲಿ ಉಳಿದಿದ್ದಳು. ಕಂಪನಿಯವನು ಮೊಣಕಾಲಿನ ನಡುವೆ ತಲೆ ಇಟ್ಟುಕೊಂಡು ಕೂತಿದ್ದ. ಟೀ ಬಂತು, ಅವನು ಕುಡಿಯಲಿಲ್ಲ.

ಕೊನೆಯ ತಟ್ಟೆಯ ಕೊನೆಯ ಮಗ್ಗುಲು ಉಳಿದಿತ್ತು. ಅದರ ಬಗ್ಗೆಯೇ ವಿಮರ್ಶಕರು ಪುಟಗಟ್ಟಲೆ ಬರೆದಿದ್ದರು. ಅದರ ಮೊದಲಲ್ಲಿ ಏನೂ ಇಲ್ಲ. ಯಾರೋ ಕೆಮ್ಮುತ್ತಾರೆ. ಕುರ್ಚಿ ಕಿರುಗುಟ್ಟುತ್ತದೆ. ಸ್ಯಾಕ್ಸೋಫೋನ್ ಒಂದು ಸ್ವರ ಊದಿ, ಬೇಡವೆಂದು ಬಿಡುತ್ತದೆ. ಇದನ್ನು ಮಹಾಮೌನ ಎಂದವರಿದ್ದರು, ವಾದ್ಯಗಳ ಉಪವಾಸ ಎಂದವರೂ ಇದ್ದರು. ಪುಸ್ತಿಕೆಯಲ್ಲಿ ಉದ್ದಗಡ್ಡದವನು ನಿಜ ಹೇಳಿದ್ದ: ಅಷ್ಟು ದಿನಕ್ಕೆ ನಮಗೆ ಕೆಳಮನೆಯ ಕುಟ್ಟು ಅಭ್ಯಾಸವಾಗಿತ್ತು, ಒಂದು ಸ್ವರ ಊದಿದರೆ ಸಾಕು ಬರುತ್ತಿತ್ತು, ಅದು ಬಾರದೆ ಮುಂದುವರಿಸಲು ಕೈ ಬರುತ್ತಿರಲಿಲ್ಲ, ಆವತ್ತು ಬಹಳ ಹೊತ್ತು ಬರಲಿಲ್ಲ.

ಕಾಜಮ್ಮ ಕಣ್ಣು ಮುಚ್ಚಿ ಕಾಯುತ್ತಿದ್ದಳು, ಕೈ ಎತ್ತಲು ಸಿದ್ಧಳಾಗಿ.

ಕುಟ್ಟು ಬಂತು. ಜೋರಾಗಿಯಲ್ಲ. ಎರಡು ಸಲ ಬೇಗ ಬೇಗ, ಆಮೇಲೆ ಸ್ವಲ್ಪ ತಡೆದು, ಇನ್ನೊಂದು.

ಕಾಜಮ್ಮ ಎದ್ದಳು. ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ಹೆಡ್‌ಫೋನಿನ ವೈರು ಎಳೆದು, ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆ ಕೆಳಗೆ ಬಿತ್ತು.

"ಎಲ್ಲಿಗಮ್ಮ?" ಎಂದಳು ಮಗಳು.

"ಬಾಗಿಲು ತೆಗೀಬೇಡ್ವಾ? ಬಂದಿದಾರೆ," ಎಂದು ಕಾಜಮ್ಮ ಅಗುಳಿಗಾಗಿ ಕೈ ಚಾಚಿದಳು. ಆ ಬಾಗಿಲಿಗೆ ಅಗುಳಿ ಇರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು. ಆಗ ಆಕೆಗೆ ತಾನು ಎಲ್ಲಿದ್ದೇನೆ ಎಂದು ತಿಳಿಯಿತು. ಏನು ಕೇಳಿದೆ ಎಂಬುದೂ ತಿಳಿಯಿತು.

ಕಾಜಮ್ಮ ವಾಪಸು ಬಂದು ಕೂತಳು.

"ಇದು ಯಾವತ್ತಿನದು?"

"ಕೊನೇ ದಿನದ್ದಮ್ಮಾ," ಎಂದ ಕಂಪನಿಯವನು ತಲೆ ಎತ್ತಿ. "ಮನೆ ಖಾಲಿ ಮಾಡಿದ ದಿನ. ಡ್ರಮ್ಮಿನವರು ಆವತ್ತು ಬಂದೇ ಇರಲಿಲ್ಲ. ಹಾಗಾಗಿ ಇದಂತೂ ನಿಮ್ಮದೇ."

"ಆವತ್ತು ನಾನು ಮನೇಲಿರಲಿಲ್ಲ. ಇವಳನ್ನ ದವಾಖಾನೆಗೆ ಕರ್ಕೊಂಡು ಹೋಗಿದ್ದೆ."

ಮೇಡಂ ಪರದೆಗೆ ಮೂಗು ಹತ್ತಿಸಿ ನೋಡಿದರು. "ಇದು ಬೇರೆ ಜಾಗದಿಂದ ಬಂದ ಸದ್ದು ಅಮ್ಮಾ. ನಿಮ್ಮದೆಲ್ಲ ಎಡಗಡೆಯಿಂದ ಬರುತ್ತೆ. ಇದು ಬಲಗಡೆಯಿಂದ. ನೋಡಿ, ಅವರು ಶುರು ಮಾಡಿದ ಮೇಲೂ ನಿಂತಿಲ್ಲ. ಕೆಳಗೆ ಮೆತ್ತಗೆ ಜೊತೆಗೇ ಹೋಗ್ತಾ ಇದೆ."

ಕಾಜಮ್ಮ ಮತ್ತೆ ಹಾಕಿಸಿದಳು. ಸ್ಯಾಕ್ಸೋಫೋನ್ ಕೆರಳಿದರೆ ಅದೂ ಚುರುಕಾಗುತ್ತಿತ್ತು. ಸ್ಯಾಕ್ಸೋಫೋನ್ ತಡೆದರೆ ಅದೂ ತಡೆದು, ಎರಡು ತಟ್ಟಿ, ಕಾದು, ಒಂದು ತಟ್ಟಿ, ಬಾ ಎಂದು ಕರೆಯುತ್ತಿತ್ತು. ಬೇಜಾರಿನವನು ಹೀಗೆ ಕುಟ್ಟುವುದಿಲ್ಲ. ಮೇಲಿನವರು ಕಾಯುತ್ತಿದ್ದಾರೆ, ಹೆಂಡತಿ ಮನೆಯಲ್ಲಿಲ್ಲ, ಪಾಪ ಅವರಿಗೆ ಕುಟ್ಟುವವರು ಯಾರು ಎಂದು ಮರುಗಿ ಕೋಲು ಎತ್ತಿಕೊಂಡವನು ಹೀಗೆ ಕುಟ್ಟುತ್ತಾನೆ. ಇಷ್ಟು ದಿನ ಎಲ್ಲವನ್ನೂ ಎಚ್ಚರವಾಗಿದ್ದು ಕೇಳಿದವನು, ಕೇಳಿ ಖುಷಿಪಟ್ಟವನು ಹೀಗೆ ಕುಟ್ಟುತ್ತಾನೆ.

"ಎಚ್ಚರ ಇದ್ರು," ಎಂದಳು ಕಾಜಮ್ಮ. ಆಕೆಗೆ ಮೊದಲು ಬಂದದ್ದು ಕೆಟ್ಟ ಸಿಟ್ಟು. "ದಿನಾ ಕೇಳ್ತಿದ್ದೆನಲ್ಲ, ನಿದ್ದೆ ಬಂತಾ ಅಂತ. ಸ್ವಲ್ಪ ಬಂತು ಕಣೇ ಅಂತಿದ್ರು ಈ ಮಹಾನುಭಾವರು. ಮಲಗ್ಕೊಂಡು ಕಚೇರಿ ಕೇಳ್ತಿದ್ರು. ನಾನು ಅಲ್ಲಿ ಭುಜ ಮುರ್ಕೊಂಡು ಕುಟ್ತಾ ಇದ್ದೆ. ಒಂದು ಮಾತು ಹೇಳೋಕೆ ಏನಾಗಿತ್ತು?"

"ನಿನಗೆ ಹೇಳೋಕೆ ಅಪ್ಪನಿಗೆ ಧೈರ್ಯ ಬಂದಿರಲ್ಲ ಅಮ್ಮ," ಎಂದಳು ಮಗಳು. "ಅವರ ಸಲುವಾಗಿ ಅಷ್ಟು ಜಗಳ ಆಡ್ತಿದ್ದೆಯಲ್ಲ, ಹೇಗೆ ಹೇಳ್ತಾರೆ?"

ಕಾಜಮ್ಮ ನಗಲು ಹೋದಳು, ಅಳು ಬಂತು. ಅವನ ನಿದ್ದೆ ಕಾಯಲಾಗಲಿಲ್ಲ ಎಂದು ಇಷ್ಟು ವರ್ಷ ಹೊತ್ತುಕೊಂಡಿದ್ದ ಸಂಕಟ ಆ ಕುರ್ಚಿಯಲ್ಲೇ ಇಳಿಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಮೇಡಂ ಎದ್ದು ಬೆನ್ನು ಸವರಿದರು, ತಮ್ಮ ಸೊಂಟ ಹಿಡಿದುಕೊಂಡೇ.

"ಇದನ್ನೂ ಒರೆಸ್ಲಾ ಅಮ್ಮಾ?" ಎಂದು ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು.

"ಮುಟ್ಟಿದರೆ ನೋಡಿ," ಎಂದಳು ಕಾಜಮ್ಮ. "ನಂದೂ ಎಲ್ಲ ವಾಪಸ್ ಹಾಕಿ. ನಾನು ಅಷ್ಟು ದಿನ ಕುಟ್ಟಿರದಿದ್ದರೆ ಅವರು ಯಾಕೆ ಕುಟ್ಟೋರು? ಆ ಡ್ರಮ್ಮಿನವನದ್ದೂ ಹಾಕಿಬಿಡಿ, ಪಾಪ. ಕೆಲವು ಅವನದ್ದೇ ಇದ್ದಿರಬಹುದು." ಮೂಗು ಒರೆಸಿಕೊಂಡು ಕಂಪನಿಯವನ ಕಡೆ ತಿರುಗಿದಳು. "ಪುಸ್ತಕದಲ್ಲಿ ಹೆಸರು ಹಾಕ್ತೀರಲ್ಲ, ಅಲ್ಲಿ ಇನ್ನೊಬ್ಬರದ್ದು ಸೇರಿಸಿ. ಬ್ರೆಡ್ಡಿನ ಭಟ್ಟಿಯವರು ಅಂತ. ಮತ್ತೆ ಎರಡನೇ ತಟ್ಟೆ ಬಗ್ಗೆ ಬರೆದೋನಿಗೆ ಹೇಳಿ, ಆವತ್ತು ನನಗೆ ಭುಜ ನೋಯ್ತಿತ್ತು ಅಂತ."

ವೇದಿಕೆಯ ಮೇಲೆ ಕುಟ್ಟಲು ಮಾತ್ರ ಸುತಾರಾಂ ಒಪ್ಪಲಿಲ್ಲ. ಬೇರೆಯವರ ಸೂರು ತನಗೆ ಆಗಿಬರುವುದಿಲ್ಲ ಎಂದಳು.

ಮಗಳ ಜೊತೆ ಮನೆಗೆ ಬಂದವಳು ದೀಪ ಹಾಕಿ, ಕಾಜಾ ಕಾಯುತ್ತಿದ್ದ ಅಂಗಿಗಳ ಗಂಟನ್ನು ಕಾಲಿನಿಂದ ಸರಿಸಿ, ಮಂಚದ ಮೇಲೆ ಅವನು ಮಲಗುತ್ತಿದ್ದ ಮಗ್ಗುಲಿಗೆ ಅಂಗಾತ ಮಲಗಿದಳು. ಆ ಮಗ್ಗುಲಿಗೆ ಆಕೆ ಎಂದೂ ಮಲಗಿದವಳಲ್ಲ. ನೇರ ಕಣ್ಣ ಮುಂದೆ, ಬಟ್ಟಲಗಲಕ್ಕೆ ಸುಣ್ಣ ಚಕ್ಕೆ ಎದ್ದ ಆ ಗುರುತು. ನೀರು ಇಳಿದದ್ದಲ್ಲ ಅದು. ಯಾರ್‍ಯಾರ ಹತ್ತಿರವೋ ಸುಮ್ಮನೆ ಜಗಳ ಆಡಿದ್ದಳು. ಕೋಲನ್ನು ಹಿಡಿದು ಅಲ್ಲಿಂದಲೇ ಚಾಚಿ ನೋಡಿದಳು. ತುದಿ ಸರಿಯಾಗಿ ಹೋಗಿ ಆ ಗುರುತಿಗೆ ಮುಟ್ಟಿತು.

"ಏಳಲೂ ಇಲ್ಲ ಈ ಮನುಷ್ಯ," ಎಂದಳು ಕಾಜಮ್ಮ ಮಗಳಿಗೆ. "ಮಲಗಿದ್ದ ಕಡೆಯಿಂದಲೇ ಕುಟ್ಟಿದಾರೆ, ಸೋಮಾರಿ."